ಒಣ ಮೂಳೆ ಹೇಳಿದ ಗುಟ್ಟು, ಹಸಿ ಮೈ ಕೇಳಿದ ಪ್ರಶ್ನೆ

ಅಡುಗೆಮನೆಯ ಗ್ಯಾಸ್ ಲೈಟರಿನೊಳಗೆ ಬೆಂಕಿಕಡ್ಡಿಯಿಲ್ಲ, ಬ್ಯಾಟರಿಯೂ ಇಲ್ಲ. ಹೆಬ್ಬೆರಳಿನಿಂದ ಒತ್ತಿದರೆ ಸ್ಪ್ರಿಂಗಿನ ಪುಟ್ಟ ಸುತ್ತಿಗೆಯೊಂದು ಪಿಂಗಾಣಿಯಂಥ ತುಂಡಿನ ತಲೆಯ ಮೇಲೆ ಬಡಿಯುತ್ತದೆ. ಟಕ್ ಎನ್ನುವಷ್ಟರಲ್ಲಿ ಕಿಡಿ ಹಾರಿ ಒಲೆ ಹತ್ತಿಕೊಳ್ಳುತ್ತದೆ. ಪೆಟ್ಟೇ ವಿದ್ಯುತ್ತಾಗುವ ಈ ಗುಣವನ್ನು ಮೊದಲು ಕಂಡವರು ಪ್ಯಾರಿಸ್ಸಿನ ಅಣ್ಣತಮ್ಮಂದಿರು, ಜಾಕ್ ಕ್ಯೂರಿ ಮತ್ತು ಪಿಯರ್ ಕ್ಯೂರಿ. 1880ರಲ್ಲಿ ಅವರು ಕ್ವಾರ್ಟ್ಜ್, ಟೂರ್ಮಲಿನ್ ಮುಂತಾದ ಹರಳುಗಳನ್ನು ಒತ್ತಿ, ಅವುಗಳ ಮೈಮೇಲೆ ವಿದ್ಯುದಾವೇಶ ಮೂಡುವುದನ್ನು ಅಳೆದರು. ಒತ್ತುವುದು ಎಂಬ ಅರ್ಥದ ಗ್ರೀಕ್ ಮಾತಿನಿಂದ ಅದಕ್ಕೆ ಪೀಜೋ ವಿದ್ಯುತ್ ಎಂಬ ಹೆಸರಾಯಿತು.

ಆಮೇಲೆ ಎಪ್ಪತ್ತು ವರ್ಷ ಅದು ಹರಳುಗಳ ಸೊತ್ತಾಗಿಯೇ ಉಳಿಯಿತು. ಹಾಗೆ ಕಿಡಿ ಹುಟ್ಟಿಸುವ ಹರಳಿಗೂ ನಮ್ಮ ತೊಡೆಯ ಮೂಳೆಗೂ ನಂಟಿದೆ ಎಂದು ಯಾರಾದರೂ ಹೇಳಿದ್ದರೆ, ಬಾದರಾಯಣ ಸಂಬಂಧ ಎಂದು ಜನ ನಕ್ಕುಬಿಡುತ್ತಿದ್ದರು. ನಂಟು ನಿಜವೆಂದು ತೋರಿಸಿದವರು ಜಪಾನಿನ ಒಬ್ಬ ಮೂಳೆ ವೈದ್ಯ ಮತ್ತು ಮರದ ತುಂಡುಗಳನ್ನು ಅಳೆಯುತ್ತಿದ್ದ ಒಬ್ಬ ಭೌತವಿಜ್ಞಾನಿ. ಅವರು ಮೂಳೆಯಲ್ಲಿ ಹಿಡಿದ ಎಳೆ ಸ್ನಾಯುರಜ್ಜು, ಚರ್ಮದಡಿಯ ಪೊರೆಗಳನ್ನೆಲ್ಲ ಹಾದು ಕೊನೆಗೆ ಚೀನಾದ ಸೂಜಿ ಚಿಕಿತ್ಸೆಯ ಬಾಗಿಲಿಗೂ ಹೋಗಿ ನಿಂತಿತು. ದಾರಿಯುದ್ದಕ್ಕೂ ಅದಕ್ಕೆ ಅಡ್ಡ ಬಂದದ್ದು ಒಂದೇ ವಸ್ತು: ನೀರು.

ಮುರಿಯದ ಮೂಳೆಯಲ್ಲಿ ಕಟ್ಟಿದ ಗಂಟು

ಮೂಳೆ ಜಡವಲ್ಲ; ಹೊರೆ ಬಿದ್ದಲ್ಲಿ ಗಟ್ಟಿಯಾಗುತ್ತದೆ, ಹೊರೆ ತಪ್ಪಿದಲ್ಲಿ ಸವೆಯುತ್ತದೆ ಎಂದು ಬರ್ಲಿನ್ನಿನ ಶಸ್ತ್ರವೈದ್ಯ ಜೂಲಿಯಸ್ ವೋಲ್ಫ್ 1892ರ ತಮ್ಮ ಗ್ರಂಥದಲ್ಲಿ ಹೇಳಿದ್ದರು. ತಿಂಗಳುಗಟ್ಟಲೆ ಪ್ಲಾಸ್ಟರಿನಲ್ಲಿದ್ದ ಕಾಲನ್ನು ಬಿಚ್ಚಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಹೊರೆ ಬಿದ್ದ ಸುದ್ದಿ ಮೂಳೆ ಕಟ್ಟುವ ಜೀವಕೋಶಕ್ಕೆ ಮುಟ್ಟುವುದು ಹೇಗೆ? ಮೇಸ್ತ್ರಿಯ ಹಾಗೆ ಕೂತು ಕೆಲಸ ಮಾಡುವ ಆ ಕೋಶಕ್ಕೆ ‘ಇಲ್ಲಿ ಕಟ್ಟು, ಅಲ್ಲಿ ಕೆಡವು’ ಎನ್ನುವವರು ಯಾರು? ವೋಲ್ಫರ ನಂತರ ಅರವತ್ತು ವರ್ಷ ಈ ಪ್ರಶ್ನೆ ಬಿದ್ದಲ್ಲೇ ಬಿದ್ದಿತ್ತು.

ಅದನ್ನು ಎತ್ತಿಕೊಂಡವರು ಕ್ಯೋಟೊ ನಗರದ ಮೂಳೆ ವೈದ್ಯ ಇವಾವೊ ಯಸುದಾ. ಮೂಳೆ ಮುರಿದಾಗ ಆ ಜಾಗದಲ್ಲಿ ಹೊಸ ಮೂಳೆ ಗಂಟಿನಂತೆ ಕಟ್ಟಿಕೊಳ್ಳುತ್ತದೆ. ವೈದ್ಯರು ಇದನ್ನು ಕ್ಯಾಲಸ್ ಎನ್ನುತ್ತಾರೆ. ಮುರಿತವೇ ಇಲ್ಲದೆ ಆ ಗಂಟನ್ನು ಎಬ್ಬಿಸಬಹುದೇ ಎಂಬುದು ಯಸುದಾ ಹಿಡಿದ ಪ್ರಶ್ನೆ. ಮೂಳೆಗೆ ಬಿದ್ದ ಬಲ ಸುಮ್ಮನೆ ಕರಗಿ ಹೋಗುವುದಿಲ್ಲ, ಬೇರೊಂದು ರೂಪ ತಾಳಿ ಹೊಸ ಮೂಳೆಯನ್ನು ಕರೆಯುತ್ತದೆ ಎಂಬುದು ಅವರ ನಂಬಿಕೆಯಾಗಿತ್ತು. ಮೂಳೆಯನ್ನು ಬಿಲ್ಲಿನಂತೆ ಬಗ್ಗಿಸಿ ಎರಡೂ ಮಗ್ಗುಲಿಗೆ ತಂತಿ ಮುಟ್ಟಿಸಿ ನೋಡಿದರು. ಕುಗ್ಗಿದ ಒಳಮಗ್ಗುಲು ಋಣವಾಗಿತ್ತು, ಹಿಗ್ಗಿದ ಹೊರಮಗ್ಗುಲು ಧನವಾಗಿತ್ತು. ವೋಲ್ಫರ ನಿಯಮದಂತೆ ಹೊಸ ಮೂಳೆ ಕಟ್ಟುವುದೂ ಕುಗ್ಗುವ ಮಗ್ಗುಲಿಗೇ!

ಇಲ್ಲಿಗೆ ನಿಲ್ಲಿಸಿದ್ದರೆ ಅದೊಂದು ಕುತೂಹಲದ ಟಿಪ್ಪಣಿಯಾಗಿ ಉಳಿಯುತ್ತಿತ್ತು. ಯಸುದಾ ಪ್ರಶ್ನೆಯನ್ನು ತಿರುಗಿಸಿ ಹಾಕಿದರು. ಬಗ್ಗಿಸಿದರೆ ವಿದ್ಯುತ್ ಬರುತ್ತದೆ ಸರಿ, ಬಗ್ಗಿಸದೆ ಬರೀ ವಿದ್ಯುತ್ತನ್ನೇ ಕೊಟ್ಟರೆ? ಮೊಲದ ತೊಡೆಮೂಳೆಗೆ ಎರಡು ತಂತಿ ಇಳಿಸಿ ಒಂದು ಮೈಕ್ರೊಆಂಪಿಯರಿನಷ್ಟು, ಅಂದರೆ ಟಾರ್ಚಿನ ಬಲ್ಬು ಎಳೆಯುವ ವಿದ್ಯುತ್ತಿನ ಕೆಲವು ಲಕ್ಷದಲ್ಲೊಂದು ಪಾಲು, ಮೂರು ವಾರ ಹರಿಸಿದರು. ಮುರಿಯದ ಆ ಮೂಳೆಯ ಮೇಲೆ, ಋಣಧ್ರುವದ ತಂತಿಯ ಸುತ್ತ ಹೊಸ ಮೂಳೆ ಕಟ್ಟಿತ್ತು. ವಿದ್ಯುತ್ ಕ್ಯಾಲಸ್ ಎಂದು ಅದಕ್ಕೆ ಹೆಸರಿಟ್ಟರು. 1953ರಲ್ಲಿ ಈ ಕೆಲಸ ಕ್ಯೋಟೊದ ವೈದ್ಯ ಸಂಘದ ಪತ್ರಿಕೆಯಲ್ಲಿ ಜಪಾನಿ ಭಾಷೆಯಲ್ಲಿ ಅಚ್ಚಾಯಿತು. ಹೊರಜಗತ್ತಿನ ವೈದ್ಯರು ಅದನ್ನು ಓದಲಿಲ್ಲ.

ಮರದಿಂದ ಮೂಳೆಗೆ

ಟೋಕಿಯೊ ಬಳಿಯ ಕೊಕುಬುಂಜಿಯಲ್ಲಿ ಕೊಬಾಯಾಶಿ ಭೌತಶಾಸ್ತ್ರ ಸಂಶೋಧನಾ ಸಂಸ್ಥೆ ಎಂಬುದೊಂದಿತ್ತು. ಅಲ್ಲಿನ ಎಯಿಚಿ ಫುಕಾದಾ ಅಳೆಯುತ್ತಿದ್ದುದು ಮರವನ್ನು. ಮರದೊಳಗೆ ಸೆಲ್ಯುಲೋಸ್ ನಾರುಗಳು ಒಂದೇ ದಿಕ್ಕಿಗೆ ಸಾಲುಗಟ್ಟಿರುತ್ತವೆ. ಹರಳಿನೊಳಗಿನ ಅಚ್ಚುಕಟ್ಟು ನಾರುಗಳಲ್ಲೂ ಇರುವುದಾದರೆ ಹರಳಿನ ಗುಣವೂ ಇರಬೇಕಲ್ಲ? 1955ರಲ್ಲಿ ಮರಕ್ಕೂ ಪೀಜೋ ಗುಣವಿದೆ ಎಂದು ಅವರು ಅಳತೆ ಸಮೇತ ಪ್ರಕಟಿಸಿದರು. ಯಸುದಾರ ಮೂಳೆಯೂ ನಾರುಗಳ ಕಟ್ಟೇ. ಸುಣ್ಣದ ಅಂಶವನ್ನು ಕಳೆದರೆ ಮೂಳೆಯಲ್ಲಿ ಉಳಿಯುವುದು ಕೊಲ್ಯಾಜನ್ ಎಂಬ ಪ್ರೋಟೀನಿನ ನಾರು. ವೈದ್ಯ ಮತ್ತು ಭೌತವಿಜ್ಞಾನಿ ಕೈಗೂಡಿಸಿದರು.

ಮನುಷ್ಯನ ಮತ್ತು ಎತ್ತಿನ ತೊಡೆಮೂಳೆಗಳಿಂದ ಚಿಕ್ಕ ಚಿಕ್ಕ ತುಂಡುಗಳನ್ನು ಬೇರೆ ಬೇರೆ ಓರೆಯಲ್ಲಿ ಕೊಯ್ದರು. ಮೊದಲ ಕೆಲಸ, ಅವನ್ನು ಕಾಯಿಸಿ ಪೂರಾ ಒಣಗಿಸುವುದು. ನೀರಿನ ಪಸೆ ಉಳಿದರೆ ಮೂಡಿದ ಆವೇಶ ಆ ಪಸೆಯಲ್ಲೇ ಸೋರಿ ಹೋಗುತ್ತದೆ, ಕೈಗೆ ಸಿಗುವುದಿಲ್ಲ. ಜೀವಂತ ಮೂಳೆಯಾದರೋ ಎಂದೂ ಒಣಗಿರುವುದಿಲ್ಲ. ಮುಂದಿನ ಜಗಳದ ಬೀಜ ಬಿದ್ದದ್ದು ಇಲ್ಲೇ.

1957ರಲ್ಲಿ ಬಂದ ಅವರ ಪ್ರಬಂಧ ಎರಡು ದಿಕ್ಕಿನ ಪರೀಕ್ಷೆಯನ್ನೂ ಕೊಟ್ಟಿತು. ಒತ್ತಿದರೆ ಮೂಳೆ ವಿದ್ಯುತ್ ಕೊಡುತ್ತದೆ. ವಿದ್ಯುತ್ ಕೊಟ್ಟರೆ ಮೂಳೆ ಅದುರುತ್ತದೆ. ಅಸಲಿ ಪೀಜೋ ವಸ್ತುವಿಗೆ ಎರಡೂ ಇರಬೇಕು. ಎಲ್ಲಕ್ಕಿಂತ ಬೆಲೆಬಾಳುವ ಸುಳಿವು ಸಿಕ್ಕಿದ್ದು ಓರೆಯಲ್ಲಿ ಕೊಯ್ದ ತುಂಡುಗಳಿಂದ. ಬಲ ಹಾಕುವ ದಿಕ್ಕಿಗೂ ಮೂಳೆಯ ಉದ್ದಕ್ಕೂ ನಡುವಿನ ಕೋನ ಬದಲಾದಂತೆ ವಿದ್ಯುತ್ತೂ ಬದಲಾಗುತ್ತಿತ್ತು. ಪೊರಕೆಯ ಕಟ್ಟನ್ನು ಓರೆಯಾಗಿ ಅದುಮಿದರೆ ಕಡ್ಡಿಗಳು ಒಂದರ ಮಗ್ಗುಲಲ್ಲಿ ಒಂದು ಜಾರುತ್ತವಲ್ಲ, ಹಾಗೆ ಕೊಲ್ಯಾಜನ್ ನಾರುಗಳು ಜಾರುವಂತೆ ಬಲ ಬಿದ್ದಾಗ ಮಾತ್ರ ಆವೇಶ ಹುಟ್ಟುತ್ತಿತ್ತು. ಅತಿ ಹೆಚ್ಚೆಂದರೆ ಅದು ಕ್ವಾರ್ಟ್ಜಿನದರ ಹತ್ತನೇ ಒಂದು ಪಾಲು. ಮೂಳೆಗೆ ಈ ಗುಣ ಬಂದದ್ದು ಅದರ ಸುಣ್ಣದಿಂದಲ್ಲ, ಕೊಲ್ಯಾಜನ್‌ನಿಂದ ಎಂದು ಇಬ್ಬರೂ ಊಹಿಸಿದರು. 1964ರಲ್ಲಿ ಕೊಲ್ಯಾಜನ್ನನ್ನೇ ಅಳೆದು ಊಹೆ ಸರಿಯೆಂದು ತೋರಿಸಿದರು.

ಅಲ್ಲಿಗೆ ಮಾತು ಮೂಳೆಯನ್ನು ದಾಟಿತು. ಮಟನ್ ಅಂಗಡಿಯಲ್ಲಿ ಮಾಂಸದ ತುಂಡುಗಳನ್ನು ಬಿಡಿಸುವಾಗ ನಡುವೆ ಹಿಗ್ಗುವ ಬಿಳಿ ಪೊರೆ ಕೊಲ್ಯಾಜನ್. ಕಾಲು ಸೂಪು ತಣ್ಣಗಾದರೆ ಹೆಪ್ಪುಗಟ್ಟುತ್ತದಲ್ಲ, ಅದು ಬೆಂದು ಕರಗಿದ ಕೊಲ್ಯಾಜನ್. ಹಿಮ್ಮಡಿಯ ರಜ್ಜು, ಕೀಲಿನ ಕಟ್ಟು, ಚರ್ಮದ ಒಳಪದರ, ಸ್ನಾಯು ಸ್ನಾಯುಗಳ ನಡುವಣ ಹಾಳೆ ಎಲ್ಲದರಲ್ಲೂ ಅದೇ ನಾರು. ನಮ್ಮ ಮೈಯ ಪ್ರೋಟೀನಿನಲ್ಲಿ ಕಾಲುಭಾಗಕ್ಕೂ ಹೆಚ್ಚು ಪಾಲು ಅದರದೇ. ಸಂಯೋಜಕ ಅಂಗಾಂಶ ಎಂದು ಪಠ್ಯಪುಸ್ತಕಗಳು ಕರೆಯುವ ಇದನ್ನು ಅಂಗರಚನಾಶಾಸ್ತ್ರ ಕಲಿಯುವವರು ಕತ್ತರಿಸಿ ಬದಿಗಿಡುತ್ತಿದ್ದರು. ಒಳಗಿನ ‘ಮುಖ್ಯ’ ಅಂಗ ಕಾಣಬೇಕಲ್ಲ! ಸಾಮಾನಿಗೆ ಸುತ್ತಿದ ಕಾಗದವನ್ನು ಯಾರು ಓದುತ್ತಾರೆ?

ಮದರಾಸಿನ ಮೂರೆಳೆ ಹುರಿ

ಕೊಲ್ಯಾಜನ್‌ಗೇಕೆ ಈ ಗುಣ? ಉತ್ತರದ ಮೊದಲ ಅರ್ಧ ಅಷ್ಟು ಹೊತ್ತಿಗೆ ನಮ್ಮ ಪಕ್ಕದ ಮದರಾಸಿನಲ್ಲಿ ಸಿಕ್ಕಿತ್ತು. ಅದನ್ನು ಕಂಡುಕೊಂಡವರು ಜಿ. ಎನ್. ರಾಮಚಂದ್ರನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅವರು ಸೇರಿದ್ದು ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಲು. ಹುಡುಗನನ್ನು ಭೌತಶಾಸ್ತ್ರಕ್ಕೆ ಎಳೆದುಕೊಂಡವರು ಸಿ. ವಿ. ರಾಮನ್. 1952ರಲ್ಲಿ, ಇನ್ನೂ ಮೂವತ್ತು ತುಂಬುವ ಹೊತ್ತಿನಲ್ಲಿ, ರಾಮಚಂದ್ರನ್ ಮದರಾಸು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ಕೊಲ್ಯಾಜನ್‌ನ ರಚನೆ ಇನ್ನೂ ಯಾರಿಗೂ ಬಿಡಿಸಲಾಗದ ಒಗಟು ಎಂದು ಅಲ್ಲಿಗೆ ಬಂದಿದ್ದ ಇಂಗ್ಲೆಂಡಿನ ವಿಜ್ಞಾನಿ ಜೆ. ಡಿ. ಬರ್ನಾಲ್ ಮಾತಿನ ನಡುವೆ ಹೇಳಿದರು. ಅದೇ ಊರಿನಲ್ಲಿ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯಿತ್ತು. ಚರ್ಮವೆಂದರೆ ಕೊಲ್ಯಾಜನ್ ತಾನೆ? ಅಲ್ಲಿಂದ ಸಿಕ್ಕಿದ ಕಾಂಗರೂ ಬಾಲದ ರಜ್ಜಿಗೆ ಎಕ್ಸ್-ರೇ ಹಾಯಿಸಿ ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ ಒಗಟನ್ನು ಬಿಡಿಸಿದರು. 1954ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅವರ ಮಾದರಿಯಲ್ಲಿ ಕೊಲ್ಯಾಜನ್ ಮೂರು ಎಳೆಗಳ ಕಟ್ಟು. ಮರುವರ್ಷ ಅದನ್ನೇ ತಿದ್ದಿ, ಹಗ್ಗದಂತೆ ಒಂದರ ಸುತ್ತ ಒಂದು ಹೊಸೆದುಕೊಂಡ ಎಳೆಗಳನ್ನಾಗಿ ತೋರಿಸಿದರು.

ಆ ಹೊಸೆತದಲ್ಲಿಯೇ ವಿದ್ಯುತ್ತಿನ ಗುಟ್ಟಿದೆ. ನಡುವಿನ ಒಂದು ಬಿಂದುವಿನ ಎರಡೂ ಕಡೆ ತಕ್ಕಡಿಯಂತೆ ಸಮನಾಗಿರುವ ಜೋಡಣೆಯನ್ನು ಒತ್ತಿದರೆ ಧನ ಋಣಗಳು ಒಂದನ್ನೊಂದು ಸರಿದೂಗಿಸಿಬಿಡುತ್ತವೆ, ಹೊರಗೆ ಏನೂ ಕಾಣದು. ಹೊಸೆದ ಹುರಿಗೆ ಆ ಸಮತೆಯಿಲ್ಲ. ಅದನ್ನು ಜಾರಿಸಿದಾಗ ಒಂದು ಕಡೆ ಧನ, ಇನ್ನೊಂದು ಕಡೆ ಋಣ ಮಿಕ್ಕುತ್ತದೆ. ಕ್ಯೋಟೊದಲ್ಲಿ ಯಸುದಾ ಮೂಳೆ ಬಗ್ಗಿಸುತ್ತಿದ್ದ ವರ್ಷಗಳೂ ಮದರಾಸಿನಲ್ಲಿ ಕಾಂಗರೂ ಬಾಲದ ಮೇಲೆ ಎಕ್ಸ್-ರೇ ಬೀಳುತ್ತಿದ್ದ ವರ್ಷಗಳೂ ಹೆಚ್ಚುಕಡಿಮೆ ಒಂದೇ. ರಾಮಚಂದ್ರನ್ 1970ರ ದಶಕದ ಆರಂಭದಲ್ಲಿ ಬೆಂಗಳೂರಿಗೆ ಮರಳಿ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತಶಾಸ್ತ್ರ ವಿಭಾಗವನ್ನು ಕಟ್ಟಿದರು.

ನೀರು ಬಿದ್ದಾಗ

ಅಮೆರಿಕದಲ್ಲಿ ಈ ವಿಷಯಕ್ಕೆ ಜೀವ ಬಂದದ್ದು 1962ರಲ್ಲಿ. ಕೊಲಂಬಿಯಾ ವಿಶ್ವವಿದ್ಯಾಲಯದ ಆಂಡ್ರ್ಯೂ ಬ್ಯಾಸೆಟ್ ಮತ್ತು ಸಿರಾಕ್ಯೂಸ್‌ನಲ್ಲಿ ಮಾಜಿ ಸೈನಿಕರ ಆಸ್ಪತ್ರೆಯ ಮೂಳೆ ವೈದ್ಯ ರಾಬರ್ಟ್ ಬೆಕರ್, ಬಗ್ಗಿಸಿದ ಮೂಳೆಯಲ್ಲಿ ವಿದ್ಯುತ್ ಹುಟ್ಟುವುದನ್ನು ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಬೆಕರ್ ಉತ್ಸಾಹಿ, ಊಹೆಗೆ ಹೆದರದವರು. ಕೊಲ್ಯಾಜನ್ ನಾರು ಟ್ರಾನ್ಸಿಸ್ಟರಿನ ಅರೆವಾಹಕದಂತೆ ವಿದ್ಯುತ್ತನ್ನು ಒಯ್ಯಬಹುದು, ನರಗಳ ಜೊತೆಗೆ ಮೈಯಲ್ಲಿ ಇನ್ನೊಂದು ಹಳೆಯ, ನಿಧಾನದ ತಂತಿಜಾಲವೇ ಇರಬಹುದು ಎಂದು ಹೇಳಿದರು. ಪ್ರೋಟೀನುಗಳು ಅರೆವಾಹಕಗಳಾಗಿರಬಹುದೆಂಬ ಮಾತನ್ನು ವಿಟಮಿನ್ ಸಿ ಖ್ಯಾತಿಯ ಆಲ್ಬರ್ಟ್ ಸೆಂಟ್-ಗ್ಯೋರ್ಗಿ 1941ರಲ್ಲೇ ಆಡಿದ್ದರು. ಕೇಳಲು ಸೊಗಸಾದ ಮಾತು. ಆದರೆ ಒತ್ತಿದಾಗ ವಿದ್ಯುತ್ ಹುಟ್ಟುವುದೇ ಬೇರೆ, ಹುಟ್ಟಿದ ವಿದ್ಯುತ್ತನ್ನು ದೂರಕ್ಕೆ ಒಯ್ಯುವುದೇ ಬೇರೆ. ಮೊದಲನೆಯದಕ್ಕೆ ಅಳತೆಯಿತ್ತು, ಎರಡನೆಯದಕ್ಕೆ ಆಸೆ ಮಾತ್ರ ಇತ್ತು.

ಅಷ್ಟರಲ್ಲಿ ಮೊದಲನೆಯದಕ್ಕೂ ನೀರು ಬಿತ್ತು, ಅಕ್ಷರಶಃ. 1968 ಮತ್ತು 1970ರಲ್ಲಿ ಆಂಡರ್ಸನ್ ಮತ್ತು ಎರಿಕ್ಸನ್ ಎಂಬಿಬ್ಬರು ಹಸಿ ಕೊಲ್ಯಾಜನ್, ಹಸಿ ಮೂಳೆಗಳನ್ನು ಪರೀಕ್ಷಿಸಿದರು. ಚೆನ್ನಾಗಿ ನೆನೆದ ಕೊಲ್ಯಾಜನ್‌ನಲ್ಲಿ ಪೀಜೋ ಗುಣ ಉಳಿಯುವುದಿಲ್ಲ, ಹಸಿ ಮೂಳೆಯಲ್ಲಿ ಕಾಣುವ ವಿದ್ಯುತ್ತಿಗೆ ಬೇರೆಯೇ ಕಾರಣವಿದೆ ಎಂದು ವಾದಿಸಿದರು. ಮೂಳೆಯೊಳಗೆ ಕೂದಲಿಗಿಂತ ಸಣ್ಣ ಕಾಲುವೆಗಳಿವೆ, ಅವುಗಳ ತುಂಬ ಉಪ್ಪು ಕರಗಿದ ನೀರು. ಮೂಳೆ ಬಗ್ಗಿದಾಗ ನೀರು ಕುಗ್ಗಿದ ಕಡೆಯಿಂದ ಹಿಗ್ಗಿದ ಕಡೆಗೆ ಹಿಂಡಿಕೊಂಡು ಹೋಗುತ್ತದೆ. ಕಾಲುವೆಯ ಗೋಡೆ ಒಂದು ಬಗೆಯ ಆವೇಶವನ್ನು ಹಿಡಿದಿಟ್ಟುಕೊಳ್ಳುತ್ತದೆ, ಇನ್ನೊಂದು ಬಗೆಯದು ನೀರಿನ ಜೊತೆ ತೇಲಿ ಹೋಗುತ್ತದೆ. ಎರಡೂ ತುದಿಯ ನಡುವೆ ವೋಲ್ಟೇಜು ಏರ್ಪಡುವುದು ಹೀಗೆ. ಜೀವಂತ ಮೂಳೆಯ ವಿದ್ಯುತ್ತಿನಲ್ಲಿ ದೊಡ್ಡ ಪಾಲು ಈ ಹರಿವಿನದು ಎಂಬ ತಿಳಿವಳಿಕೆ ಮುಂದಿನ ದಶಕಗಳಲ್ಲಿ ಬಲಗೊಂಡಿತು. ಒಂದೊಂದೇ ಕೊಲ್ಯಾಜನ್ ಎಳೆಯನ್ನು ಸೂಕ್ಷ್ಮ ಉಪಕರಣಗಳಿಂದ ಅಳೆದ 2009ರ ಕೆಲಸ, ಫುಕಾದಾ ಕಂಡ ಗುಣ ಎಳೆಯಲ್ಲೇ ಇದೆ ಎಂದು ಮತ್ತೆ ತೋರಿಸಿತು. ಒಣ ಮೂಳೆ ಸುಳ್ಳು ಹೇಳಿರಲಿಲ್ಲ; ಆದರೆ ಅದು ಹೇಳಿದ್ದು ತನ್ನ ಕತೆಯನ್ನು, ಹಸಿ ಮೂಳೆಯದನ್ನಲ್ಲ.

ವೈದ್ಯರು ಈ ವಾದ ತೀರುವವರೆಗೆ ಕಾಯಲಿಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಫ್ರೀಡೆನ್‌ಬರ್ಗ್, ಬ್ರೈಟನ್ ಮತ್ತು ಜೊತೆಗಾರರು 1971ರಲ್ಲಿ, ಕೂಡಿಕೊಳ್ಳದೆ ಉಳಿದಿದ್ದ ಕಾಲ್ಗಿಣ್ಣಿನ ಮೂಳೆಯೊಂದು ಸಣ್ಣ ವಿದ್ಯುತ್ತಿನಿಂದ ಕೂಡಿದ ವರದಿ ಕೊಟ್ಟರು. 1979ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಇಂಥ ಉಪಕರಣಗಳಿಗೆ ಒಪ್ಪಿಗೆ ನೀಡಿತು. ಯಸುದಾರ ಮೊಲದ ಪ್ರಯೋಗ ಕಾಲು ಶತಮಾನದಲ್ಲಿ ಆಸ್ಪತ್ರೆ ಸೇರಿತ್ತು.

ಅದೇ ಊರು, ಇನ್ನೊಂದು ಮೀಟರು

ಈಗ ಮತ್ತೆ ಕ್ಯೋಟೊಗೆ ಬರಬೇಕು. ಯಸುದಾ ಮೂಳೆಯಲ್ಲಿ ಮುಳುಗಿದ್ದ ಕಾಲದಲ್ಲೇ, 1950ರಲ್ಲಿ, ಅದೇ ಊರಿನಲ್ಲಿ ಯೊಶಿಯೊ ನಕಾತಾನಿ ಎಂಬ ವೈದ್ಯ ಮೂತ್ರಪಿಂಡದ ರೋಗಿಯೊಬ್ಬರ ಚರ್ಮದ ಮೇಲೆ ಮೀಟರಿನ ಮೊನೆಯನ್ನು ಓಡಿಸಿ ನೋಡಿದರು. ಕೆಲವು ಬಿಂದುಗಳಲ್ಲಿ ವಿದ್ಯುತ್ ಸರಾಗವಾಗಿ ಹರಿಯಿತು. ಬಿಂದುಗಳನ್ನು ಸೇರಿಸಿದಾಗ ಬಂದ ಗೆರೆ, ಸೂಜಿ ಚಿಕಿತ್ಸೆಯ ಬಗೆಗಿನ ಚೀನಾದ ಹಳೆಯ ಗ್ರಂಥಗಳು ಮೂತ್ರಪಿಂಡದ ನಾಡಿ ಎಂದು ಬರೆದಿಟ್ಟ ದಾರಿಯನ್ನು ಹೋಲುತ್ತಿತ್ತು. ಚೆನ್ನಾಗಿ ವಿದ್ಯುತ್ ಹರಿಯುವ ದಾರಿ ಎಂಬ ಅರ್ಥದಲ್ಲಿ ಅದನ್ನು ರ್ಯೋದೊರಾಕು ಎಂದು ಕರೆದರು.

ಚೀನಾದ ಈ ಚಿಕಿತ್ಸೆಯ ಕಡೆಗೆ ಪಶ್ಚಿಮ ತಲೆ ತಿರುಗಿಸಿದ್ದು 1971ರಲ್ಲಿ. ‘ನ್ಯೂಯಾರ್ಕ್ ಟೈಮ್ಸ್’ನ ಜೇಮ್ಸ್ ರೆಸ್ಟನ್ ಆ ಜುಲೈನಲ್ಲಿ ಬೀಜಿಂಗಿನಲ್ಲಿದ್ದಾಗ ಅಪೆಂಡಿಕ್ಸ್ ಆಪರೇಷನ್ ಮಾಡಿಸಿಕೊಳ್ಳಬೇಕಾಯಿತು. ಆಪರೇಷನ್ ನಡೆದದ್ದು ಮಾಮೂಲಿ ಅರಿವಳಿಕೆ ಮದ್ದಿನಲ್ಲೇ. ಎರಡನೆಯ ರಾತ್ರಿಯ ಹೊಟ್ಟೆಯ ಬಾಧೆಗೆ ಮೊಣಕೈಗೂ ಮೊಣಕಾಲ ಕೆಳಗೂ ಸೂಜಿ ಹಾಕಿದರು. ಆರಾಮವಾಯಿತು ಎಂದು ಅವರು ಬರೆದರು. ಮರುವರ್ಷ ನಿಕ್ಸನ್ ಚೀನಾಕ್ಕೆ ಹೋಗಿ ಬಂದರು. ಸೂಜಿಗೆ ಸಂಶೋಧನೆಯ ಹಣ ಬಂತು. ಬೆಕರ್ ಕೂಡ ಸಹೋದ್ಯೋಗಿಗಳ ಜೊತೆ ಸೂಜಿ ಹಾಕುವ ಬಿಂದುಗಳನ್ನು ಅಳೆದು, ಅವುಗಳಲ್ಲಿ ಕೆಲವಕ್ಕೆ ವಿದ್ಯುತ್ ತಡೆ ಕಡಿಮೆ ಎಂದು 1975ರಲ್ಲಿ ವರದಿ ಮಾಡಿದರು.

ಇಲ್ಲೂ ಮೋಸ ಮಾಡಿದ್ದು ನೀರೇ. ಒಣ ಚರ್ಮ ವಿದ್ಯುತ್ತಿಗೆ ದೊಡ್ಡ ಅಡ್ಡಗೋಡೆ, ಬೆವೆತ ಚರ್ಮ ತೆರೆದ ಬಾಗಿಲು. ಮೀಟರಿನ ಮೊನೆಯನ್ನು ತುಸು ಗಟ್ಟಿಯಾಗಿ ಒತ್ತಿದರೂ, ಒಂದೇ ಜಾಗದಲ್ಲಿ ಎರಡು ಸಲ ಇಟ್ಟರೂ, ಕೋಣೆ ಸೆಕೆಯಾಗಿದ್ದರೂ ಮುಳ್ಳು ಬೇರೆ ಅಂಕಿ ತೋರಿಸುತ್ತದೆ. ಅಳೆಯುತ್ತಿರುವುದು ನಾಡಿಯನ್ನೋ ಬೆವರನ್ನೋ ಎಂದು ಹೇಳುವುದು ಕಷ್ಟ.

ಸೂಜಿಗೆ ಸುತ್ತಿಕೊಂಡ ನೂಲು

ಬೇರೆ ದಾರಿಯಿಂದ ಬಂದವರು ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದ ವೈದ್ಯೆ ಹೆಲೆನ್ ಲಾಂಜವ್ಯಾಂ. ಅವರು ಮೊದಲು ಹಿಡಿದದ್ದು ವಿದ್ಯುತ್ತನ್ನಲ್ಲ, ಸೆಳೆತವನ್ನು. ಸೂಜಿ ಚುಚ್ಚಿ ಬೆರಳ ತುದಿಯಲ್ಲಿ ತಿರುಗಿಸಿದರೆ ಒಳಗಿನಿಂದ ಏನೋ ಅದನ್ನು ಹಿಡಿದುಕೊಂಡಂತಾಗುತ್ತದೆ. ಗಾಳಕ್ಕೆ ಮೀನು ಬಾಯಿ ಹಾಕಿದಂತೆ ಎಂದು ಚೀನಾದ ಹಳಬರು ಇದನ್ನು ಬಣ್ಣಿಸುತ್ತಿದ್ದರು. ಸ್ನಾಯು ಬಿಗಿಯುವುದರಿಂದ ಹಾಗಾಗುತ್ತದೆ ಎಂಬುದು ಸಾಮಾನ್ಯ ನಂಬಿಕೆಯಾಗಿತ್ತು.

ಲಾಂಜವ್ಯಾಂ ತಂಡ ಕಂಪ್ಯೂಟರ್ ನಡೆಸುವ ಸೂಜಿಯೊಂದನ್ನು ಮಾಡಿಕೊಂಡು 60 ಮಂದಿ ಆರೋಗ್ಯವಂತರಲ್ಲಿ, ಸೂಜಿಯನ್ನು ಹೊರಗೆಳೆಯಲು ಎಷ್ಟು ಬಲ ಬೇಕೆಂದು ಅಳೆಯಿತು. 2001ರ ಫಲಿತಾಂಶ ಹೀಗಿತ್ತು: ತಿರುಗಿಸದ ಸೂಜಿಗಿಂತ ಒಂದೇ ದಿಕ್ಕಿಗೆ ತಿರುಗಿಸಿದ ಸೂಜಿಗೆ ಶೇ. 167ರಷ್ಟು ಹೆಚ್ಚು ಬಲ ಬೇಕು, ಅತ್ತಿತ್ತ ತಿರುಗಿಸಿದ್ದಕ್ಕೆ ಶೇ. 52ರಷ್ಟು ಹೆಚ್ಚು. ಇಲಿಯ ಹೊಟ್ಟೆಯ ಭಿತ್ತಿಯಲ್ಲಿ ಸೂಜಿ ತಿರುಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಾರಣ ಕಣ್ಣಿಗೇ ಕಂಡಿತು. ಕದಿರಿಗೆ ನೂಲು ಸುತ್ತಿಕೊಳ್ಳುವ ಹಾಗೆ ಚರ್ಮದಡಿಯ ಕೊಲ್ಯಾಜನ್ ಎಳೆಗಳು ಸೂಜಿಗೆ ಸುತ್ತಿಕೊಂಡಿದ್ದವು. ಹಿಡಿದದ್ದು ಸ್ನಾಯುವಲ್ಲ, ಯಾರೂ ಓದದ ಆ ಸುತ್ತುಕಾಗದ. ಸೂಜಿ ಬಿಂದುಗಳಲ್ಲಿ ಈ ಹಿಡಿತ ಪಕ್ಕದ ಜಾಗಕ್ಕಿಂತ ಸರಾಸರಿ ಶೇ. 18ರಷ್ಟು ಮಾತ್ರ ಹೆಚ್ಚಿತ್ತು. ಬಿಂದುವಿಗೆ ಏನೋ ವಿಶೇಷವಿರಬಹುದು, ಆದರೆ ಅದು ಪವಾಡದಷ್ಟು ದೊಡ್ಡದಲ್ಲ.

2002ರಲ್ಲಿ ಅದೇ ತಂಡ ಮೃತದೇಹದ ತೋಳೊಂದರಲ್ಲಿ ಬಿಂದುಗಳನ್ನು ಗುರುತಿಸಿ ನೋಡಿತು. ಶೇ. 80ರಷ್ಟು ಬಿಂದುಗಳು ಸ್ನಾಯುಗಳ ನಡುವಣ ಪೊರೆಗಳು ಇರುವ ಕಡೆಯೇ ಬಿದ್ದಿದ್ದವು. 2006ರಲ್ಲಿ ಲಾಂಜವ್ಯಾಂ ಪೂರ್ತಿ ಪ್ರಶ್ನೆಯನ್ನು ಮುಂದಿಟ್ಟರು: ನೆತ್ತಿಯಿಂದ ಅಂಗಾಲಿನವರೆಗೆ ಎಲ್ಲೂ ಕಡಿಯದೆ ಹಬ್ಬಿರುವ ಈ ಅಂಗಾಂಶ, ವಿದ್ಯುತ್, ಕೋಶಗಳ ಚಟುವಟಿಕೆ, ಅಂಗಾಂಶದ ಮರುರಚನೆ ಎಂಬ ಮೂರು ಬಗೆಯ ಸಂಕೇತಗಳನ್ನು ಸಾಗಿಸುವ ಜಾಲವೇ? ವೈದ್ಯಕೀಯ ಊಹೆಗಳಿಗೆಂದೇ ಇರುವ ಪತ್ರಿಕೆಯಲ್ಲಿ, ಪ್ರಶ್ನೆಯಾಗಿಯೇ ಅವರು ಅದನ್ನು ಬರೆದರು.

ನಾಲ್ಕು ಸೂಜಿ, ಎರಡು ಉತ್ತರ

ವಿದ್ಯುತ್ತಿನ ಭಾಗವನ್ನು ನೇರವಾಗಿ ಅಳೆದವರು ಹಾರ್ವರ್ಡಿನ ಆಂಡ್ರ್ಯೂ ಆನ್ ಮತ್ತು ಸಂಗಡಿಗರು. ಚರ್ಮದ ಬೆವರಿನ ಮೋಸ ತಪ್ಪಿಸಲು ಅವರು ಚರ್ಮವನ್ನೇ ದಾಟಿದರು. ಚಿನ್ನದ ಲೇಪದ ನಾಲ್ಕು ಸೂಜಿಗಳನ್ನು ಒಂದೇ ಸಾಲಿನಲ್ಲಿ ಚುಚ್ಚಿ, ಹೊರಗಿನ ಎರಡರಿಂದ ಸಣ್ಣ ವಿದ್ಯುತ್ ಹರಿಸಿ, ಒಳಗಿನ ಎರಡರ ನಡುವೆ ವೋಲ್ಟೇಜು ಅಳೆದರು. ಹೀಗೆ ಮಾಡಿದರೆ ಸೂಜಿ ಮುಟ್ಟುವ ಜಾಗದ ತಡೆ ಲೆಕ್ಕಕ್ಕೆ ಬರುವುದಿಲ್ಲ, ನಡುವಿನ ಅಂಗಾಂಶದ ತಡೆ ಮಾತ್ರ ಸಿಗುತ್ತದೆ. 23 ಮಂದಿಯಲ್ಲಿ ತೋಳಿನ ಒಂದು ನಾಡಿ, ಕಾಲಿನ ಒಂದು ನಾಡಿ, ಎರಡಕ್ಕೂ ಪಕ್ಕದಲ್ಲಿ ಹೋಲಿಕೆಗೊಂದು ಸಾಲು.

2005ರಲ್ಲಿ ಬಂದ ಅಂಕಿಗಳು: ತೋಳಿನ ನಾಡಿಯಲ್ಲಿ ಸರಾಸರಿ 70.4 ಓಮ್, ಅದರ ಪಕ್ಕದಲ್ಲಿ 75. ಕಾಲಿನ ನಾಡಿಯಲ್ಲಿ 67.8, ಅದರ ಪಕ್ಕದಲ್ಲಿ 68.5. ತೋಳಿನ ವ್ಯತ್ಯಾಸ ಚಿಕ್ಕದು, ಆದರೆ ಅಕಸ್ಮಾತ್ ಬಂದದ್ದಲ್ಲ. ಕಾಲಿನಲ್ಲಿ ವ್ಯತ್ಯಾಸ ಇಲ್ಲವೆಂದೇ ಹೇಳಬೇಕು. ತೋಳಿನದಕ್ಕೆ ಪೊರೆಯ ಪಟ್ಟಿ ಕಾರಣವಿರಬಹುದೆಂಬ ಸುಳಿವು ಅಲ್ಟ್ರಾಸೌಂಡ್ ಚಿತ್ರಗಳಲ್ಲಿತ್ತು. 2010ರ ಇನ್ನೊಂದು ಅಧ್ಯಯನದಲ್ಲಿ ಚರ್ಮದಡಿ ಕೊಲ್ಯಾಜನ್ ಪಟ್ಟಿ ಹೆಚ್ಚಿದ್ದಲ್ಲಿ ತಡೆ ಕಡಿಮೆ ಎಂದು ಕಂಡಿತು.

ಹಾಗಾದರೆ ಪೊರೆ ತಂತಿಯೇ? ಅಲ್ಲ. ಕೊಲ್ಯಾಜನ್ ನಾರು ತಾನಾಗಿ ಒಳ್ಳೆಯ ವಾಹಕವಲ್ಲ. ನಾರುಗಳ ನಡುವೆ ಉಪ್ಪುನೀರಿದೆ, ಹರಿಯುವುದು ಅದರಲ್ಲಿನ ಅಯಾನುಗಳು. ಒಣ ಮೂಳೆಯ ಪ್ರಯೋಗ ಕೆಡದಿರಲೆಂದು ಫುಕಾದಾ ಕಾಯಿಸಿ ಓಡಿಸಿದ ಆ ನೀರೇ ಇಲ್ಲಿ ವಿದ್ಯುತ್ತನ್ನು ಹೊರುವ ಗಾಡಿ. ಐದು ಓಮಿನ ವ್ಯತ್ಯಾಸದಿಂದ ಸಂದೇಶ ಸಾಗುತ್ತದೆ ಎಂದೂ ಹೇಳಲಾಗದು. ಇದನ್ನು ಕಟುವಾಗಿ ಹೇಳಿದವರು ಆನ್ ತಂಡದವರೇ. ಅಷ್ಟು ವರ್ಷಗಳ ಅಳತೆಗಳನ್ನೆಲ್ಲ ಜರಡಿ ಹಿಡಿದು 2008ರಲ್ಲಿ ಅವರು ಬರೆದ ವಿಮರ್ಶೆ, ಬಿಂದುಗಳ ಬಗೆಗಿನ 9 ಅಧ್ಯಯನಗಳಲ್ಲಿ 5, ನಾಡಿಗಳ ಬಗೆಗಿನ 9ರಲ್ಲಿ 7 ‘ಹೌದು’ ಎನ್ನುತ್ತವೆ, ಆದರೆ ಬಹುಪಾಲು ಗುಣಮಟ್ಟದಲ್ಲಿ ಸೊರಗಿವೆ, ಸಾಕ್ಷ್ಯ ನಿರ್ಣಾಯಕವಲ್ಲ ಎಂದು ತೀರ್ಪು ಕೊಟ್ಟಿತು. ತನ್ನ ಕಡೆಗೇ ವಾಲಬಹುದಾದ ತಕ್ಕಡಿಯನ್ನು ನೇರ ಹಿಡಿಯುವುದು ಸುಲಭದ ಕೆಲಸವಲ್ಲ.

ಇತ್ತ ನೋವು ಇಳಿಯುವ ಬಗೆಗೆ ನರಗಳ ಕಡೆಯಿಂದ ಗಟ್ಟಿ ಪುರಾವೆಯಿದೆ. ಬಿಂದುವಿನ ಆಳಕ್ಕೆ ನರ ಮರಗಟ್ಟಿಸುವ ಮದ್ದು ಹಾಕಿದರೆ ಸೂಜಿಯ ನೋವು ಶಮನ ನಿಲ್ಲುತ್ತದೆ ಎಂದು ಚೀನಾದ ಸಂಶೋಧಕರು 1973ರಲ್ಲೇ ತೋರಿಸಿದ್ದರು. ಮಿದುಳಿನ ಸ್ವಂತ ನೋವುನಿವಾರಕಗಳನ್ನು ತಡೆಯುವ ನ್ಯಾಲೊಕ್ಸೋನ್ ಕೊಟ್ಟರೆ ಸೂಜಿಯ ಪರಿಣಾಮ ಕುಂದುವುದನ್ನು 1976-77ರ ಪ್ರಯೋಗಗಳು ಕಂಡವು. ಬೀಜಿಂಗಿನ ಹಾನ್ ಜಿಶೆಂಗ್, ಸೂಜಿಗೆ ಕೊಡುವ ವಿದ್ಯುತ್ತು ಸೆಕೆಂಡಿಗೆ 2 ಸಲ ಮಿಡಿದರೆ ಒಂದು ಬಗೆಯ, 100 ಸಲ ಮಿಡಿದರೆ ಇನ್ನೊಂದು ಬಗೆಯ ನೋವುನಿವಾರಕ ಬಿಡುಗಡೆಯಾಗುತ್ತದೆಂದು ತೋರಿಸಿದರು. ಫಿಸಿಯೋಥೆರಪಿಯವರು ಸೊಂಟಕ್ಕೆ ‘ಕರೆಂಟ್ ಇಡುವುದೂ’ ಮುಖ್ಯವಾಗಿ ನರಗಳನ್ನು ಮಾತನಾಡಿಸುವ ಕೆಲಸವೇ. ಇನ್ನು ಬಿಂದುಗಳ ಮಹಿಮೆ? ಜರ್ಮನಿಯಲ್ಲಿ ಬೆನ್ನುನೋವಿನ 1162 ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಸರಿಯಾದ ಬಿಂದುಗಳಿಗೆ ಸೂಜಿ ಹಾಕಿಸಿಕೊಂಡವರಲ್ಲಿ ಶೇ. 47.6, ಬಿಂದುವಲ್ಲದ ಕಡೆ ತೋರಿಕೆಗೆ ಚುಚ್ಚಿಸಿಕೊಂಡವರಲ್ಲಿ ಶೇ. 44.2, ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಶೇ. 27.4 ಮಂದಿಗೆ ಗುಣ ಕಂಡಿತು. ಸೂಜಿಯಿಂದ ಲಾಭವಿರಬಹುದು, ಆದರೆ ಅದು ನಕ್ಷೆಯ ಗೆರೆಗಳಿಗೆ ಅಂಟಿಕೊಂಡಿಲ್ಲ.

ಎಪ್ಪತ್ತು ವರ್ಷಗಳ ಈ ಹುಡುಕಾಟದಲ್ಲಿ ಕೈಗೆ ಸಿಕ್ಕಿದ್ದು ಕಡಿಮೆಯೇನಲ್ಲ. ಕತ್ತರಿಸಿ ಎಸೆಯುತ್ತಿದ್ದ ಪೊರೆ ಎಳೆದರೆ ಪ್ರತಿಕ್ರಿಯಿಸುತ್ತದೆ, ಒಣಗಿಸಿ ಒತ್ತಿದರೆ ವಿದ್ಯುತ್ ಹುಟ್ಟಿಸುತ್ತದೆ, ಸೂಜಿ ತಿರುಗಿದರೆ ಹಿಡಿದುಕೊಳ್ಳುತ್ತದೆ. ಇವು ಅಳೆದ ಸತ್ಯಗಳು. ಅದೇ ಪೊರೆ ಮೈತುಂಬ ವಿದ್ಯುತ್ ಸಂದೇಶ ಹೊತ್ತು ರೋಗ ಗುಣಪಡಿಸುತ್ತದೆ ಎಂಬುದು ಇನ್ನೂ ಊಹೆ. ಎರಡನ್ನೂ ಒಂದೇ ಬುಟ್ಟಿಗೆ ಹಾಕಿ ಮಾರುವವರು ಉಂಟು. ಅಂಗೈಯ ಮೇಲೆ ಮೀಟರಿನ ಕಡ್ಡಿ ಒತ್ತಿ, ಕಂಪ್ಯೂಟರಿನಿಂದ ಬಣ್ಣದ ಹಾಳೆ ತೆಗೆದು, ನಿಮ್ಮ ಯಕೃತ್ತು ಹೀಗಿದೆ, ಮೂತ್ರಪಿಂಡ ಹಾಗಿದೆ ಎಂದು ಯಾರಾದರೂ ಹೇಳಿದರೆ ದುಡ್ಡು ತೆಗೆಯುವ ಮುನ್ನ ಒಂದು ಪ್ರಶ್ನೆ ಕೇಳಿ: ಕಡ್ಡಿ ಮುಟ್ಟಿಸಿದಾಗ ನನ್ನ ಅಂಗೈ ಒಣಗಿತ್ತೋ, ಬೆವೆತಿತ್ತೋ?